ಚೌಬಾರದ ಸಂಜೆ: ಬೀದರದ ಹಳೆಯ ನಗರವು ಪ್ರವಾಸಿ ಕೇಂದ್ರವಾಗಬಲ್ಲುದೇ?

ಭಾಲ್ಕಿಯ ಕಡೆಯಿಂದ ಬೀದರಕ್ಕೆ ಬರುವ ಪ್ರಯಾಣಿಕನಿಗೆ ನಗರದ ಹೊಸ್ತಿಲಾಗಿ ಒದಗುವುದು ನೌಬಾದ. ಪಾರಸಿ ಭಾಷೆಯಲ್ಲಿ ‘ನೌ’ ಎಂದರೆ ಹೊಸದು, ‘ಆಬಾದ್’ ಎಂದರೆ ಜನವಸತಿಯುಳ್ಳದ್ದು. ಇಂದು ಇಲ್ಲಿ ಕಣ್ಣಿಗೆ ಬೀಳುವುದು ರಸ್ತೆ, ಅಂಗಡಿ, ಬಸ್ಸುಗಳ ಓಡಾಟ. ಆದರೆ ಇದೇ ನೆಲದಡಿಯಲ್ಲಿ ಹದಿನೈದನೆಯ ಶತಮಾನದ ಒಂದು ಸುರಂಗ ಕಾಲುವೆಯಿದೆ. ಇರಾನಿನಿಂದ ಬಂದ ಈ ವಿದ್ಯೆಗೆ ಕರೇಜ್ ಎಂದು ಹೆಸರು. ಊರಿನವರು ಸುರಂಗ ಬಾವಿ ಎನ್ನುವರು. ಕೆಂಪು ಜಂಬಿಟ್ಟಿಗೆ ಕಲ್ಲನ್ನು ಕೊರೆದು, ಗಾಳಿಗೂ ಬೆಳಕಿಗೂ ಅಲ್ಲಲ್ಲಿ ನೇರವಾಗಿ ಬಾವಿಗಳನ್ನು ಇಳಿಸಿ, ಭೂಮಿಯೊಳಗಿನ ಒರತೆಯನ್ನು ಇಳಿಜಾರಿನ ಉದ್ದಕ್ಕೂ ನಡೆಸಿಕೊಂಡು ಹೋದ ರಚನೆಯಿದು. ನೌಬಾದದ ಕರೇಜಿನಲ್ಲಿ ಇಂಥ ಇಪ್ಪತ್ತೊಂದು ಬಾವಿಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಬೀದರದ ಹಳೆಯ ನಗರದೊಳಗೂ ಜಮ್ನಾ ಮೋರಿ ಎಂಬ ಹೆಸರಿನ ಹಂಚಿಕೆಯ ಕಾಲುವೆಗಳು ಓಣಿಓಣಿಗಳ ಅಡಿಯಲ್ಲಿ ಹಾದುಹೋಗಿವೆ.

ಈ ಸಂಗತಿಯನ್ನು ಮೊದಲಿಗೇ ಹೇಳುವುದಕ್ಕೆ ಕಾರಣವುಂಟು. ಬೀದರವನ್ನು ಕಟ್ಟಿದವರು ಮೊದಲು ನೀರನ್ನು ತಂದರು, ಆ ಬಳಿಕ ಜನರನ್ನು ಕರೆದರು. ಮೇಲಿನ ಬಜಾರಿನ ಸಡಗರಕ್ಕೆ ಕೆಳಗಿನ ಕಾಣದ ಕಾಲುವೆಯೇ ಆಧಾರವಾಗಿದ್ದಿತು. ಹಳೆಯ ಪೇಟೆಯನ್ನು ಪ್ರವಾಸಿಗರನ್ನು ಸೆಳೆಯುವ, ಸಂಜೆಯ ಹೊತ್ತು ಜನರಿಂದ ತುಂಬಿ ತುಳುಕುವ ವಿಹಾರ ಸ್ಥಳವನ್ನಾಗಿ ಮಾಡಬೇಕೆಂಬ ಮಾತು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಈ ಮಾತನ್ನು ವಿಚಾರಿಸುವವರು ಕಾಣುವ ಬಜಾರನ್ನಷ್ಟೇ ಅಲ್ಲದೆ ಕಾಣದ ಕಾಲುವೆಯನ್ನೂ ನೆನೆಯಬೇಕಾಗುತ್ತದೆ.

ನಡುಪೇಟೆಯ ರಚನೆ

ಬಹಮನಿ ಅರಸನಾದ ಅಹಮದ್ ಶಾಹ ವಲಿಯು ಹದಿನೈದನೆಯ ಶತಮಾನದ ಮೂರನೆಯ ದಶಕದಲ್ಲಿ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದನು. ೧೪೩೨ರ ವೇಳೆಗೆ ಕೋಟೆಯ ಕೆಲಸ ಮುಗಿದಿತ್ತು. ಕೋಟೆಯ ದಕ್ಷಿಣಕ್ಕೆ ಪೇಟೆ ಬೆಳೆಯಿತು. ಬರೀದಶಾಹಿಗಳ ಕಾಲದಲ್ಲಿ, ೧೫೫೫ರಿಂದ ೧೫೫೮ರ ನಡುವೆ, ಪೇಟೆಗೂ ಗೋಡೆ ಬಂದಿತು. ಶಾಹಗಂಜ್, ಫತೇ ದರವಾಜಾ, ಮಂಗಲಪೇಟ ದರವಾಜಾ, ದುಲ್ಹನ್ ದರವಾಜಾ, ತಾಲಘಾಟ್ ದರವಾಜಾ ಎಂಬ ಐದು ಬಾಗಿಲುಗಳ ಹೆಸರು ಇಂದಿಗೂ ಜನರ ಬಾಯಲ್ಲಿವೆ.

ಈ ಪೇಟೆಯ ನಾಭಿಯೇ ಚೌಬಾರ. ಎಪ್ಪತ್ತೊಂದು ಅಡಿ ಎತ್ತರದ ಈ ದುಂಡನೆಯ ಬುರುಜನ್ನು ಏರಲು ಒಳಗೆ ಎಂಬತ್ತು ಮೆಟ್ಟಿಲುಗಳ ಸುತ್ತುಪಾವಟಿಗೆಯುಂಟು. ಊರಿನ ಮುಖ್ಯ ಬೀದಿಗಳು ಇಲ್ಲಿ ಕೂಡುವುವು. ಈ ಬೀದಿಗಳು ಬಿಡಿಸಿದ ನಾಲ್ಕು ಭಾಗಗಳಿಗೆ ನಾಲ್ಕು ತಾಲೀಮುಗಳಿದ್ದುವು: ಸಿದ್ದೀಖ್ ಶಾಹ ತಾಲೀಮು, ನೂರ್ ಖಾನ್ ತಾಲೀಮು, ಮನಿಯಾರ್ ತಾಲೀಮು, ಪನ್ಸಾಲ್ ತಾಲೀಮು. ತಾಲೀಮು ಎಂದರೆ ವ್ಯಾಯಾಮಶಾಲೆ. ಆಯಾ ಕೇರಿಯ ತರುಣರು ಸಾಮು ಮಾಡುತ್ತಿದ್ದ, ಹಿರಿಯರು ಕುಳಿತು ನೋಡುತ್ತಿದ್ದ ತಾಣವೇ ಆ ಕೇರಿಗೆ ಹೆಸರು ಕೊಟ್ಟಿತೆಂಬುದು ಗಮನಾರ್ಹ. ಅಂದಿನ ಮನರಂಜನೆಯು ಪ್ರತ್ಯೇಕವಾದ ಒಂದು ವಲಯದಲ್ಲಿರಲಿಲ್ಲ. ಅದು ಪ್ರತಿ ಕೇರಿಯ ನಡುವೆ, ಮನೆಯ ಬಾಗಿಲಿಗೆ ಹತ್ತಿರವಾಗಿ ಇದ್ದಿತು.

ಚೌಬಾರದಿಂದ ಕೋಟೆಯ ಕಡೆಗೆ ನಡೆದರೆ ಸ್ವಲ್ಪ ದೂರದಲ್ಲಿಯೇ ಮಹಮೂದ್ ಗವಾನನ ಮದರಸಾ ಸಿಗುತ್ತದೆ. ೧೪೭೨ರಲ್ಲಿ ಪೂರ್ಣಗೊಂಡ ಈ ಮೂರಂತಸ್ತಿನ ವಿದ್ಯಾಲಯದಲ್ಲಿ ಪಾಠದ ಅಂಗಳಗಳು, ಗುರುಗಳ ನಿವಾಸ, ವಿದ್ಯಾರ್ಥಿಗಳ ಕೋಣೆಗಳು, ಮೂರು ಸಾವಿರ ಗ್ರಂಥಗಳ ಭಂಡಾರ ಎಲ್ಲವೂ ಒಂದೇ ಸೂರಿನಡಿ ಇದ್ದುವು. ೧೬೯೬ರಲ್ಲಿ, ಮೊಗಲರ ಕಾಲದಲ್ಲಿ, ಇಲ್ಲಿ ಸಂಗ್ರಹಿಸಿದ್ದ ಮದ್ದು ಸಿಡಿದು ಕಟ್ಟಡದ ಒಂದು ಪಾರ್ಶ್ವ ಕುಸಿಯಿತು. ಎರಡು ಮಿನಾರುಗಳಲ್ಲಿ ಒಂದು ಮಾತ್ರ ಉಳಿಯಿತು. ಆದರೂ ನೀಲಿ, ಹಸಿರು ಬಣ್ಣದ ಹೆಂಚುಗಳ ಚೂರುಗಳು ಇನ್ನೂ ಗೋಡೆಯ ಮೇಲಿವೆ. ನಗರದ ನಡುವೆ ಎತ್ತರವಾಗಿ ನಿಂತ ಕಟ್ಟಡವು ಒಂದು ಶಾಲೆಯೆಂಬುದು ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ಹೆಮ್ಮೆಯಿಂದ ನೆನೆಯತಕ್ಕ ವಿಷಯವಾಗಿದೆ. ಅಲ್ಲಿಂದ ಮುಂದೆ ತಖ್ತ್-ಎ-ಕಿರ್ಮಾನಿ ಎಂಬ ಹೆಬ್ಬಾಗಿಲು, ಆಮೇಲೆ ಕೋಟೆ. ಹೀಗೆ ಬುರುಜು, ವಿದ್ಯಾಲಯ, ಕೋಟೆ ಈ ಮೂರೂ ಕಾಲ್ನಡಿಗೆಯಲ್ಲಿ ಮುಗಿಸಬಹುದಾದ ಒಂದೇ ಬೀದಿಯ ಸಾಲಿನಲ್ಲಿವೆ. ಎಷ್ಟೋ ನಗರಗಳು ಹಣ ಸುರಿದು ಕಟ್ಟಿಕೊಳ್ಳಲು ಯತ್ನಿಸುವ ಇಂಥ ಸಾಲು ಬೀದರಕ್ಕೆ ಪೂರ್ವಿಕರಿಂದಲೇ ದೊರೆತಿದೆ.

ಹಿಂದಿನ ಸಡಗರ, ಹಿಂದಿನ ಕೊರತೆ

ರಷ್ಯಾದೇಶದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ೧೪೭೦ರ ಸುಮಾರಿನಲ್ಲಿ ಬೀದರಕ್ಕೆ ಬಂದಿದ್ದನು. ತಾನು ತಂದ ಕುದುರೆಯನ್ನು ಇಲ್ಲಿಯೇ ಮಾರಿದನು. ಸುಲ್ತಾನನ ಮೆರವಣಿಗೆ, ಏಳು ಬಾಗಿಲುಗಳ ಅರಮನೆ, ರಾತ್ರಿ ದೀವಟಿಗೆ ಹಿಡಿದು ಊರು ಕಾಯುವ ಕಾವಲುಗಾರರು, ಇವೆಲ್ಲವನ್ನೂ ಅವನು ಬರೆದಿಟ್ಟಿದ್ದಾನೆ. ಆಳಂದದಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ನಡೆಯುತ್ತಿದ್ದ ಜಾತ್ರೆಗೆ ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದುವೆಂದೂ ತಿಳಿಸಿದ್ದಾನೆ. ಅಂದರೆ ಈ ಸೀಮೆಯಲ್ಲಿ ಜನ ಸೇರುತ್ತಿದ್ದುದು ಕೇವಲ ನೋಟಕ್ಕಾಗಿ ಅಲ್ಲ. ವ್ಯಾಪಾರ, ಹರಕೆ, ಭೇಟಿ ಇವುಗಳ ಜೊತೆಗೆ ನೋಟವೂ ಸೇರಿಕೊಳ್ಳುತ್ತಿತ್ತು.

ಇದೇ ನಿಕಿತಿನ್ ಇನ್ನೊಂದು ಮಾತನ್ನೂ ಮರೆಯದೆ ದಾಖಲಿಸಿದ್ದಾನೆ. ಸೀಮೆಯಲ್ಲಿ ಜನ ಬಹಳ, ಆದರೆ ಹಳ್ಳಿಯ ಜನ ಕಡುಬಡವರು. ಅಮೀರರದು ಮಾತ್ರ ಅತಿಶಯವಾದ ಭೋಗ ಎಂಬುದು ಅವನ ಮಾತಿನ ತಾತ್ಪರ್ಯ. ವೈಭವವು ಕೆಲವರದಾಗಿ, ಅದರ ಭಾರವು ಹಲವರದಾದ ಊರು ಹೆಚ್ಚು ಕಾಲ ಬಾಳದೆಂಬುದಕ್ಕೆ ಬೀದರದ ಚರಿತ್ರೆಯೇ ಸಾಕ್ಷಿ. ೧೪೮೧ರಲ್ಲಿ ಮಹಮೂದ್ ಗವಾನನ ಕೊಲೆಯಾಯಿತು, ರಾಜ್ಯ ಒಡೆಯಿತು, ೧೬೧೯ರಲ್ಲಿ ಬೀದರ ಬಿಜಾಪುರಕ್ಕೆ ಸೇರಿತು, ಮುಂದೆ ಮೊಗಲರಿಗೂ ನಿಜಾಮರಿಗೂ ಅಧೀನವಾಯಿತು. ಹೈದರಾಬಾದು ಬೆಳೆದಂತೆ ಬೀದರ ಅದರ ನೆರಳಿನ ಊರಾಯಿತು. ೧೯೫೬ರಲ್ಲಿ ಕನ್ನಡ ನಾಡಿನೊಡನೆ ಒಂದಾದ ಮೇಲೆ ಜಿಲ್ಲಾ ಕೇಂದ್ರವಾಗಿ ಹೊಸ ಬಡಾವಣೆಗಳು ಗೋಡೆಯ ಹೊರಗೆ ಹಬ್ಬಿದುವು. ೨೦೧೧ರ ಜನಗಣತಿಯ ಹೊತ್ತಿಗೆ ನಗರದ ಜನಸಂಖ್ಯೆ ಎರಡು ಲಕ್ಷ ಮೀರಿತ್ತು.

ಅರ್ಧ ದಿನದ ಅತಿಥಿ

ಇಂದು ಬೀದರವನ್ನು ನೋಡಲು ಬರುವವರಿಗೆ ಕೊರತೆಯಿಲ್ಲ. ಗುರುದ್ವಾರ ನಾನಕ ಝೀರಾ ಸಾಹೇಬಕ್ಕೆ ಉತ್ತರ ಭಾರತದಿಂದಲೂ ಯಾತ್ರಿಕರು ಬರುವರು. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣುವ ಭಕ್ತರು ಆಂಧ್ರ, ತೆಲಂಗಾಣ, ಮಹಾರಾಷ್ಟ್ರಗಳಿಂದ ಬರುವರು. ಪಾಪನಾಶದ ಶಿವರಾತ್ರಿಗೆ ಸುತ್ತಲಿನ ಹಳ್ಳಿಗಳೇ ಕದಲಿ ಬರುವುವು. ಹೈದರಾಬಾದು ಸುಮಾರು ೧೪೦ ಕಿಲೋಮೀಟರು ಮಾತ್ರ. ೨೦೧೭ರ ಅಕ್ಟೋಬರಿನಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ತೆರೆಯಿತು. ೨೦೨೦ರ ಫೆಬ್ರವರಿಯಲ್ಲಿ ನಾಗರಿಕ ವಿಮಾನ ನಿಲ್ದಾಣವೂ ಆರಂಭವಾಯಿತು. ವಿಮಾನ ಸೇವೆ ನಡುನಡುವೆ ನಿಂತು ಹೋದುದುಂಟಾದರೂ ದಾರಿ ಇಲ್ಲವೆಂಬ ಹಳೆಯ ದೂರು ಈಗ ಅಷ್ಟಾಗಿ ನಿಲ್ಲದು.

ಆದರೆ ಬರುವುದು ಬೇರೆ, ತಂಗುವುದು ಬೇರೆ. ಮುಂಜಾನೆ ಹೈದರಾಬಾದಿನಿಂದ ಹೊರಟವನು ಕೋಟೆಯನ್ನೂ ಮದರಸಾವನ್ನೂ ನೋಡಿ, ಅಷ್ಟೂರಿನ ಗುಮ್ಮಟಗಳ ಮುಂದೆ ನಿಂತು, ಸೂರ್ಯ ಮುಳುಗುವ ಮುನ್ನ ಮರಳಿ ಹೊರಡಬಹುದು. ಇಂಥವನು ಊರಿಗೆ ಬಿಟ್ಟುಹೋಗುವುದು ಪ್ರವೇಶದ ಚೀಟಿಯ ಹಣ, ಒಂದು ಊಟದ ಬೆಲೆ, ವಾಹನದ ಧೂಳು. ಒಂದು ರಾತ್ರಿ ತಂಗಿದವನ ಲೆಕ್ಕವೇ ಬೇರೆ. ಅವನು ಎರಡು ಊಟ ಮಾಡುವನು, ವಸತಿಗೆ ಬಾಡಿಗೆ ಕೊಡುವನು, ಆಟೋ ಹತ್ತುವನು, ಸಂಜೆ ಬಜಾರಿನಲ್ಲಿ ಸುತ್ತಿ ಮನೆಯವರಿಗೆಂದು ಏನನ್ನಾದರೂ ಕೊಳ್ಳುವನು. ಒಬ್ಬನ ಹಣ ಹತ್ತು ಕೈಗೆ ಹಂಚಿಹೋಗುವುದು. ಆದುದರಿಂದ ಪ್ರವಾಸೋದ್ಯಮದ ಪ್ರಶ್ನೆಯು ಎಷ್ಟು ಜನ ಬಂದರು ಎಂಬುದಕ್ಕಿಂತ ಎಷ್ಟು ಜನ ಸಂಜೆಗೆ ಉಳಿದರು ಎಂಬುದರಲ್ಲಿ ಅಡಗಿದೆ.

ಸಂಜೆಗೆ ಉಳಿಯಲು ಕಾರಣ ಬೇಕು. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು ಸಾಮಾನ್ಯವಾಗಿ ಸೂರ್ಯಾಸ್ತಕ್ಕೆ ಬಾಗಿಲು ಹಾಕುವುವು. ಕೋಟೆ ಮುಚ್ಚಿದ ಮೇಲೆ ತೆರೆದಿರಬೇಕಾದುದು ಪೇಟೆ. ೨೦೨೩ರ ಜನವರಿಯಲ್ಲಿ ಕೋಟೆಯ ಆವರಣದಲ್ಲಿ ಮೂರು ದಿನಗಳ ಬೀದರ ಉತ್ಸವ ನಡೆದಾಗ ಜನಸಾಗರವೇ ಸೇರಿತ್ತು. ಉತ್ಸವವು ಊರಿನ ಚೇತನವನ್ನು ಎತ್ತಿ ತೋರಿಸಿತೆಂಬುದು ನಿಜ. ಆದರೆ ಮೂರು ದಿನದ ದೀಪ ಆರಿದ ಮೇಲೆ ಉಳಿದ ದಿನಗಳ ಸಂಜೆಗಳು ಮೊದಲಿನಂತೆಯೇ ಉಳಿಯುವುವು. ಉತ್ಸವವು ಹಬ್ಬದೂಟವಿದ್ದಂತೆ, ಊರು ಬದುಕುವುದು ದಿನದ ರೊಟ್ಟಿಯಿಂದ.

ಬಿದರಿಯ ಕಾಯಕ

ಚೌಬಾರದ ಸುತ್ತಲಿನ ಪೇಟೆಯಲ್ಲಿ ದಿನದ ರೊಟ್ಟಿಯಂತಿರುವುದು ಬಿದರಿ ಕಲೆ. ಸತುವಿಗೆ ಹದಿನಾರರಲ್ಲಿ ಒಂದು ಪಾಲಿನಷ್ಟು ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುವರು. ಅರದಿಂದ ಉಜ್ಜಿ ನಯಗೊಳಿಸಿ, ಮೈಲುತುತ್ತದಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಚಿತ್ರ ಬರೆದು ಉಳಿಯಿಂದ ಕೆತ್ತುವರು. ಕೆತ್ತಿದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂಡಿಸುವರು. ಕಟ್ಟಕಡೆಗೆ ಕೋಟೆಯೊಳಗಿನ ಹಳೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕುದಿಸಿ ಪಾತ್ರೆಯನ್ನು ಅದರಲ್ಲಿ ತೊಳೆದಾಗ ಲೋಹ ಮಾತ್ರ ಕಡುಗಪ್ಪಾಗಿ, ಬೆಳ್ಳಿ ಬೆಳ್ಳಗೆ ಉಳಿಯುವುದು. ಬಿಸಿಲು ಮಳೆ ತಾಗದ ಹಳೆಯ ಕಟ್ಟಡಗಳ ಮಣ್ಣಿಗೇ ಈ ಗುಣವುಂಟೆಂದು ಕುಶಲಕರ್ಮಿಗಳು ನಾಲಿಗೆಯ ರುಚಿಯಿಂದ ಮಣ್ಣನ್ನು ಪರೀಕ್ಷಿಸಿ ಆರಿಸುವ ರೂಢಿಯಿದೆ.

೨೦೦೬ರಲ್ಲಿ ಬಿದರಿ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ೨೦೨೩ರಲ್ಲಿ ಬೀದರದ ಹಿರಿಯ ಕಲಾವಿದ ಶಾಹ ರಶೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ಮಾನ್ಯತೆಯೇನೋ ಸಂದಿದೆ, ಜೀವನದ ಭದ್ರತೆ ಅದರ ಹಿಂದೆಯೇ ಬರುವುದಿಲ್ಲ. ಬೆಳ್ಳಿಯ ಬೆಲೆ ಏರಿದಂತೆ ಸಣ್ಣ ಕುಶಲಕರ್ಮಿಯ ಬಂಡವಾಳ ಸಾಲದಾಗುವುದು. ಮಾಡಿದ ವಸ್ತು ದಳ್ಳಾಳಿಯ ಮೂಲಕ ಮಹಾನಗರಕ್ಕೆ ಹೋದಾಗ ಕೊಳ್ಳುವವನು ಕೊಟ್ಟ ಬೆಲೆಗೂ ಮಾಡಿದವನು ಪಡೆದ ಕೂಲಿಗೂ ನಂಟೇ ಇರುವುದಿಲ್ಲ. ಇಕ್ಕಟ್ಟಾದ ಕೋಣೆ, ಮಂದ ಬೆಳಕು, ಲೋಹದ ಧೂಳು ಇವುಗಳ ನಡುವೆ ದುಡಿದ ತಂದೆಯು ತನ್ನ ಮಗನನ್ನು ಇದೇ ಕೆಲಸಕ್ಕೆ ಕೂಡಿಸಲು ಹಿಂಜರಿದರೆ ಆಶ್ಚರ್ಯವಿಲ್ಲ.

ಶರಣರು ಕಾಯಕವನ್ನು ಕೈಲಾಸವೆಂದು ಸಾರಿದ ನಾಡಿದು. ಕಮ್ಮಾರ, ಮಾದಾರ, ನೇಕಾರ, ಅಂಬಿಗ ಎಲ್ಲರೂ ತಮ್ಮ ಕೆಲಸದ ಹೆಸರಿನಿಂದಲೇ ಗೌರವ ಪಡೆದುದು ಇಲ್ಲಿಗೆ ಸಮೀಪದ ಬಸವಕಲ್ಯಾಣದಲ್ಲಿ. ಆ ದೃಷ್ಟಿಯಿಂದ ನೋಡಿದರೆ ಬೀದರದ ನಡುಪೇಟೆಯಲ್ಲಿ ನೋಡತಕ್ಕ ಅತ್ಯುತ್ತಮ ‘ಪ್ರದರ್ಶನ’ವೆಂದರೆ ಕೆಲಸ ಮಾಡುವ ಕೈ. ಕಪ್ಪು ಲೋಹದ ಮೇಲೆ ಬೆಳ್ಳಿಯ ಗೆರೆ ಮೂಡುವುದನ್ನು ಕಣ್ಣಾರೆ ಕಂಡವನು ಬೆಲೆಗಾಗಿ ಹೆಚ್ಚು ಚೌಕಾಸಿ ಮಾಡಲಾರನು. ಅಂಗಡಿಗಿಂತ ಕಮ್ಮಟವು ಪೇಟೆಗೆ ಹೆಚ್ಚು ಕಳೆ ಕೊಡುವುದು.

ಇತರ ನಗರಗಳಿಂದ ಎರಡು ಪಾಠಗಳು

ಅಹಮದಾಬಾದಿನ ಕೋಟೆಯೊಳಗಿನ ಊರಿಗೆ ೨೦೧೭ರಲ್ಲಿ ವಿಶ್ವ ಪರಂಪರೆಯ ನಗರವೆಂಬ ಸ್ಥಾನ ದೊರೆಯಿತು. ಅದಕ್ಕೆ ಇಪ್ಪತ್ತು ವರ್ಷ ಮೊದಲು, ೧೯೯೭ರಲ್ಲಿ, ಅಲ್ಲಿನ ಮಹಾನಗರಪಾಲಿಕೆಯು ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಜಾಮಾ ಮಸೀದಿಯವರೆಗೆ ಮುಂಜಾನೆಯ ಪಾರಂಪರಿಕ ನಡಿಗೆಯನ್ನು ಆರಂಭಿಸಿತ್ತು. ದೊಡ್ಡ ಕಟ್ಟಡ ಕಟ್ಟದೆ, ಇದ್ದ ಓಣಿಗಳಲ್ಲಿಯೇ ಅತಿಥಿಗಳನ್ನು ನಡೆಸಿದುದರಿಂದ ಕೆಲಸ ಮೊದಲಾಯಿತು. ಅದೇ ನಗರದ ಮಾಣೆಕ್ ಚೌಕ ಇನ್ನೊಂದು ಪಾಠ ಕಲಿಸುವುದು. ಬೆಳಿಗ್ಗೆ ಅಲ್ಲಿ ತರಕಾರಿ, ಹಗಲು ಚಿನ್ನಬೆಳ್ಳಿಯ ವ್ಯಾಪಾರ, ರಾತ್ರಿ ತಿಂಡಿ ತಿನಿಸಿನ ಸಾಲು. ಒಂದೇ ಚೌಕವು ಮೂರು ಹೊತ್ತು ಮೂರು ಬಗೆಯ ಜನರಿಗೆ ಅನ್ನ ನೀಡುತ್ತದೆ. ಊರಿನವರೇ ಅಲ್ಲಿನ ಮೊದಲ ಗಿರಾಕಿಗಳು. ಪ್ರವಾಸಿಯು ಅವರ ನಡುವೆ ಬಂದು ಸೇರಿಕೊಳ್ಳುವವನು.

ಎರಡನೆಯ ಪಾಠ ನಮ್ಮ ನಾಡಿನದೇ ಆಗಿದ್ದು ನೋವಿನದಾಗಿದೆ. ಹಂಪಿಯ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ನೆಲೆಸಿ, ಯಾತ್ರಿಕರಿಗೂ ಪ್ರವಾಸಿಗರಿಗೂ ಊಟ ವಸತಿ ಒದಗಿಸುತ್ತಿದ್ದ ಕುಟುಂಬಗಳನ್ನು ೨೦೧೧ರ ಜುಲೈಯಲ್ಲಿ ತೆರವುಗೊಳಿಸಲಾಯಿತು. ಸ್ಮಾರಕದ ರಕ್ಷಣೆಗೆ ಅದು ಅಗತ್ಯವೆಂದು ಒಂದು ಪಕ್ಷ ವಾದಿಸಿತು. ಬಜಾರಿನ ಜೀವವನ್ನೇ ಕಿತ್ತಂತಾಯಿತೆಂದು ಇನ್ನೊಂದು ಪಕ್ಷ ಮರುಗಿತು. ಕಲ್ಲುಕಂಬಗಳ ಮೇಲೆ ಅವೈಜ್ಞಾನಿಕವಾಗಿ ಗೋಡೆ ಕಟ್ಟಿದುದು ಸರಿಯೆಂದು ಯಾರೂ ಹೇಳರು. ಆದರೆ ಮೊದಲಿನಿಂದಲೂ ನಿಯಮವನ್ನು ತಿಳಿಸಿ, ಜನರನ್ನು ಜೊತೆಗಿಟ್ಟುಕೊಂಡು ನಡೆದಿದ್ದರೆ ಆ ಸ್ಥಿತಿ ಬರುತ್ತಿರಲಿಲ್ಲವೆಂಬುದು ವಿವೇಕಿಗಳ ಅಭಿಪ್ರಾಯ. ಬೀದರದ ಹಳೆಯ ನಗರದ ಓಣಿಗಳಲ್ಲಿ ವಾಸಿಸುವವರು ಈ ಉದಾಹರಣೆಯನ್ನು ಮರೆಯಲಾರರು. ‘ಅಭಿವೃದ್ಧಿ’ ಎಂಬ ಮಾತು ಕೇಳಿದೊಡನೆ ಅವರಿಗೆ ನೆನಪಾಗುವುದು ಮನೆಯ ಗೋಡೆಯ ಮೇಲೆ ಬರೆಯುವ ಕೆಂಪು ಗುರುತು.

ಕಾನೂನಿನ ಎಲ್ಲೆ

೨೦೧೦ರಲ್ಲಿ ತಿದ್ದುಪಡಿಗೊಂಡ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ ರಕ್ಷಿತ ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಅಲ್ಲಿಂದ ಮುಂದಿನ ಇನ್ನೂರು ಮೀಟರಿನಲ್ಲಿ ಅಪ್ಪಣೆ ಪಡೆದು ಕಟ್ಟಬೇಕು. ಮದರಸಾ ಮತ್ತು ಕೋಟೆಯ ಸುತ್ತ ಈ ಅಳತೆಯನ್ನು ಹಾಕಿದರೆ ಪೇಟೆಯ ದೊಡ್ಡ ಭಾಗ ಅದರೊಳಗೇ ಬೀಳುವುದು. ಮನೆಯ ಮಾಡು ಸೋರಿದರೂ ಏನು ಮಾಡಬೇಕೆಂದು ತಿಳಿಯದೆ ಕೈಕಟ್ಟಿ ಕುಳಿತವರುಂಟು. ವಾಸ್ತವವಾಗಿ ಹಳೆಯ ಮನೆಯ ದುರಸ್ತಿಗೆ ಅಪ್ಪಣೆ ಪಡೆಯುವ ದಾರಿ ಕಾಯಿದೆಯಲ್ಲಿಯೇ ಇದೆ. ಆ ದಾರಿಯನ್ನು ಸಾಮಾನ್ಯರಿಗೆ ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ತಿಳಿಯಹೇಳುವ ಒಂದು ಕಚೇರಿ ಪೇಟೆಯಲ್ಲಿಯೇ ಇದ್ದರೆ ಅರ್ಧ ಭಯ ನೀಗುವುದು.

ಈ ಎಲ್ಲೆಯಿಂದ ಒಂದು ಉಪಕಾರವೂ ಆಗಿದೆ. ಮುಗಿಲು ಮುಟ್ಟುವ ವ್ಯಾಪಾರ ಸಂಕೀರ್ಣಗಳು ಮದರಸಾದ ಮಿನಾರನ್ನು ಮರೆಮಾಡದೆ ಉಳಿದುದಕ್ಕೆ ಇದೂ ಒಂದು ಕಾರಣ. ೨೦೧೪ರಲ್ಲಿ ಬೀದರದ ಐತಿಹಾಸಿಕ ನಗರವನ್ನು ವಿಶ್ವ ಸ್ಮಾರಕ ನಿಧಿಯ ಗಮನಾರ್ಹ ಸ್ಥಳಗಳ ಪಟ್ಟಿಗೆ ಸೇರಿಸಲಾಯಿತು. ಅದೇ ವರ್ಷ ದಖ್ಖನ ಸುಲ್ತಾನರ ಸ್ಮಾರಕಗಳೆಂಬ ಹೆಸರಿನಲ್ಲಿ ಕಲಬುರಗಿ, ಬಿಜಾಪುರ, ಹೈದರಾಬಾದುಗಳೊಡನೆ ಬೀದರವು ಯುನೆಸ್ಕೊ ಸಂಸ್ಥೆಯ ಸಂಭಾವ್ಯ ಪಟ್ಟಿಯಲ್ಲಿಯೂ ಸೇರಿತು. ಉಳಿದುದನ್ನು ಕೆಡಿಸದಿರುವುದೇ ಮುಂದಿನ ಮಾನ್ಯತೆಗೆ ಮೊದಲ ಅರ್ಹತೆ.

ಮಾಡಬಹುದಾದುದು

ಇಷ್ಟನ್ನು ಮನಗಂಡ ಮೇಲೆ ನಡುಪೇಟೆಯ ಸಂಜೆಯನ್ನು ಬೆಳಗಿಸಲು ಕೆಲವು ಸಣ್ಣ, ಆದರೆ ನೆಲೆಯುಳ್ಳ ಕ್ರಮಗಳನ್ನು ಸೂಚಿಸಬಹುದು.

ಮೊದಲನೆಯದು ನೀರು, ಚರಂಡಿ, ಶೌಚಾಲಯ. ಹೆಣ್ಣುಮಕ್ಕಳು ನಿರ್ಭಯವಾಗಿ ಉಪಯೋಗಿಸಬಹುದಾದ ಶುಚಿಯಾದ ಶೌಚಾಲಯವಿಲ್ಲದ ಬಜಾರಿನಲ್ಲಿ ಯಾವ ಕುಟುಂಬವೂ ಸಂಜೆ ಕಳೆಯದು. ಬಣ್ಣದ ದೀಪಕ್ಕಿಂತ ಇದು ಮುಂಚೆ ಆಗತಕ್ಕದ್ದು.

ಎರಡನೆಯದು ನಡಿಗೆ. ಚೌಬಾರದಿಂದ ಮದರಸಾದವರೆಗಿನ ಬೀದಿಯಲ್ಲಿ ವಾರದಲ್ಲಿ ಎರಡು ಸಂಜೆ, ಕೆಲವು ಗಂಟೆಗಳ ಕಾಲ, ವಾಹನಗಳನ್ನು ತಡೆದು ನೋಡಬಹುದು. ಅಂಗಡಿಕಾರರ ಸಾಮಾನು ಇಳಿಸುವ ಹೊತ್ತು, ರೋಗಿಗಳ ಮತ್ತು ವೃದ್ಧರ ಓಡಾಟ, ನಮಾಜು ಪೂಜೆಗಳ ವೇಳೆ ಎಲ್ಲವನ್ನೂ ಕೇರಿಯ ಹಿರಿಯರೊಡನೆ ಕುಳಿತು ಗೊತ್ತುಮಾಡಬೇಕು. ಒಂದು ತಿಂಗಳು ನಡೆಸಿ, ವ್ಯಾಪಾರ ಹೆಚ್ಚಿತೋ ಕುಗ್ಗಿತೋ ಎಂದು ಅಂಗಡಿಕಾರರ ಬಾಯಿಂದಲೇ ಕೇಳಿ ತಿಳಿದು ಮುಂದುವರಿಸಬೇಕು. ಲಾಭವಾಗದಿದ್ದರೆ ನಿಲ್ಲಿಸುವ ಧೈರ್ಯವೂ ಇರಬೇಕು.

ಮೂರನೆಯದು ತೆರೆದ ಕಮ್ಮಟ. ಒಳ್ಳೆಯ ಬೆಳಕು ಗಾಳಿಯುಳ್ಳ ಕೆಲವು ಕೋಣೆಗಳನ್ನು ಕುಶಲಕರ್ಮಿಗಳಿಗೆ ಒದಗಿಸಿದರೆ ಅವರ ಆರೋಗ್ಯವೂ ಉಳಿಯುವುದು, ನೋಡಲು ಬಂದವರಿಗೆ ಅವಕಾಶವೂ ಆಗುವುದು. ಮಾರಾಟದ ಹಣ ಮಾಡಿದವನ ಕೈಗೇ ಸೇರುವಂತೆ ಸಹಕಾರಿ ತತ್ತ್ವದ ಮೇಲೆ ಅಂಗಡಿ ನಡೆಯಬೇಕು.

ನಾಲ್ಕನೆಯದು ಊಟ ಮತ್ತು ವಸತಿ. ಜೋಳದ ರೊಟ್ಟಿ, ಎಳ್ಳಮಾವಾಸ್ಯೆಯ ಭಜ್ಜಿ, ಶೇಂಗಾ ಹಿಂಡಿ, ಹುಗ್ಗಿ ಇವು ಈ ಸೀಮೆಯ ಮನೆಮನೆಯ ಅಡಿಗೆ. ಹಳೆಯ ಪೇಟೆಯ ಹೋಟೆಲುಗಳ ಬಿರಿಯಾನಿ, ಖಡಕ್ ಚಹಾಗಳಿಗೂ ಅವುಗಳದೇ ಹೆಸರುಂಟು. ಎರಡೂ ಒಂದೇ ಬೀದಿಯಲ್ಲಿ ಸಿಗುವುದು ಬೀದರದ ವಿಶೇಷ. ಅಂಗಳವುಳ್ಳ ಹಳೆಯ ಮನೆಗಳಲ್ಲಿ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ಕೊಡಲು ಮನೆಯವರು ಮುಂದೆ ಬಂದರೆ ದುರಸ್ತಿಗೂ ದಾರಿಯಾಗುವುದು.

ಐದನೆಯದು ಕಾಲದ ಹೊಂದಿಕೆ. ಬಸವಕಲ್ಯಾಣದಲ್ಲಿ ೨೦೨೧ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದಿತು. ಅಲ್ಲಿಗೆ ಬರುವ ಯಾತ್ರಿಕರೂ ಗುರುದ್ವಾರಕ್ಕೆ ಬರುವವರೂ ಝರಣಿಗೆ ಬರುವವರೂ ಒಂದು ಸಂಜೆಯನ್ನು ಚೌಬಾರದಲ್ಲಿ ಕಳೆಯುವಂತೆ ಬಸ್ಸುಗಳ ವೇಳೆಯನ್ನು ಹೊಂದಿಸಿದರೆ ಹೊಸ ಖರ್ಚಿಲ್ಲದೆ ಪೇಟೆಗೆ ಜನ ಬರುವರು.

ಎಚ್ಚರದ ಮಾತು

ಜನ ಬಂದರೆ ಬಾಡಿಗೆ ಏರುವುದು, ಬಾಡಿಗೆ ಏರಿದರೆ ಬಡವನು ಜಾಗ ಬಿಡುವನು. ಇದು ಲೋಕದ ಎಷ್ಟೋ ಹಳೆಯ ನಗರಗಳಲ್ಲಿ ನಡೆದ ಕಥೆ. ವೆನಿಸ್ ನಗರದಲ್ಲಿ ಪ್ರವಾಸಿಗರು ಹೆಚ್ಚಿದಂತೆ ನಿವಾಸಿಗಳು ಕಡಿಮೆಯಾಗುತ್ತ ಬಂದರು. ತಲೆತಲಾಂತರದಿಂದ ಉಳಿ ಹಿಡಿದವನು ಹೊರಗೆ ಹೋಗಿ, ಬೇರೆಡೆ ಯಂತ್ರದಲ್ಲಿ ಮಾಡಿದ ‘ಬಿದರಿ’ ಅವನ ಓಣಿಯಲ್ಲಿಯೇ ಮಾರಾಟವಾದರೆ ಅದು ಯಾವ ಅಭಿವೃದ್ಧಿ? ಕಿವಿಗಡಚಿಕ್ಕುವ ಧ್ವನಿವರ್ಧಕ, ಕುಡಿತ, ಕಸದ ರಾಶಿ ಇವೇ ಮನರಂಜನೆಯೆಂದಾದರೆ ಕೇರಿಯ ಜನ ಬಾಗಿಲು ಮುಚ್ಚಿಕೊಳ್ಳುವರು. ಬಾಗಿಲು ಮುಚ್ಚಿದ ಕೇರಿಯನ್ನು ನೋಡಲು ಯಾವ ಅತಿಥಿಯೂ ಎರಡನೆಯ ಸಲ ಬಾರನು.

ಊರಿನ ಸಾಮರಸ್ಯವೂ ಅಷ್ಟೇ ಮುಖ್ಯವಾದ ಬಂಡವಾಳ. ಹೋಳಿ ಹುಣ್ಣಿಮೆಯ ಬಳಿಕ ಅಷ್ಟೂರಿನಲ್ಲಿ ನಡೆಯುವ ಅಹಮದ್ ಶಾಹ ವಲಿಯ ಜಾತ್ರೆಯನ್ನು ಇಲ್ಲಿ ನೆನೆಯಬೇಕು. ಅವನನ್ನು ಮುಸಲ್ಮಾನರು ವಲಿಯೆಂದೂ ಲಿಂಗವಂತ ಭಕ್ತರು ಅಲ್ಲಮಪ್ರಭುವಿನ ಅಂಶವೆಂದೂ ಗೌರವಿಸುವರು. ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬಂದು ಉತ್ಸವದ ಮುಂದಾಳತ್ವ ವಹಿಸುವ ಪದ್ಧತಿಯಿದೆ. ಒಂದೇ ಗುಮ್ಮಟದಡಿ ಕಾಯಿ ಒಡೆಯುವವರೂ ಫಾತಿಹಾ ಓದುವವರೂ ಕೂಡುವರು. ಇದನ್ನು ಯಾರೂ ಪ್ರವಾಸಿಗರಿಗಾಗಿ ಏರ್ಪಡಿಸಿದ್ದಲ್ಲ. ಜನರು ತಮ್ಮ ಭಕ್ತಿಗಾಗಿ ನಡೆಸಿಕೊಂಡು ಬಂದುದರಿಂದಲೇ ಅದು ಶತಮಾನಗಳನ್ನು ದಾಟಿದೆ. ಪೇಟೆಯ ಸಂಜೆಯೂ ಹೀಗೆ ಊರಿನವರಿಗಾಗಿ ಮೊದಲು ಇರಬೇಕು; ಆಗ ಪರವೂರಿನವರಿಗೂ ಅದು ರುಚಿಸುವುದು.

ವಿದ್ಯಾಸಂಸ್ಥೆಗಳ ಪಾತ್ರ

ನಿಜಾಮರ ಆಳ್ವಿಕೆಯಲ್ಲಿ ಕನ್ನಡಕ್ಕೆ ಎಡೆಯಿಲ್ಲದಿದ್ದಾಗ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದುದು ಈ ಜಿಲ್ಲೆಯ ಮಕ್ಕಳೆಲ್ಲರೂ ಅರಿತ ಕಥೆ. ಮಠವೆಂದರೆ ಪೂಜೆಯಷ್ಟೇ ಅಲ್ಲ, ಅನ್ನ ಮತ್ತು ಅಕ್ಷರಗಳ ದಾಸೋಹವೂ ಹೌದು ಎಂಬುದನ್ನು ಅಂಥ ಹಿರಿಯರು ಬಾಳಿ ತೋರಿಸಿದರು. ಅದೇ ಪರಂಪರೆಯಲ್ಲಿ ಬೆಳೆದ ಶಾಲೆಗಳು ನಗರದ ಪರಂಪರೆಯ ರಕ್ಷಣೆಗೂ ಕೈಗೂಡಿಸಬಹುದು.

ಪ್ರೌಢಶಾಲೆಯ ವಿದ್ಯಾರ್ಥಿಗಳು ತಂಡತಂಡವಾಗಿ ಒಂದೊಂದು ಓಣಿಯನ್ನು ಆರಿಸಿಕೊಂಡು, ಅಲ್ಲಿನ ಹಳೆಯ ಮನೆ, ಬಾವಿ, ಬಾಗಿಲು, ಕಸುಬುಗಳ ಪಟ್ಟಿ ಮಾಡಬಹುದು. ಅಜ್ಜ ಅಜ್ಜಿಯರಿಂದ ಕೇಳಿದ ಸಂಗತಿಗಳನ್ನು ಬರೆದಿಡಬಹುದು. ಬೀದರದ ಮಕ್ಕಳಿಗೆ ಕನ್ನಡ, ಉರ್ದು, ಹಿಂದಿ, ಮರಾಠಿ, ತೆಲುಗುಗಳ ಪೈಕಿ ಎರಡು ಮೂರು ಭಾಷೆಗಳು ಬೀದಿಯಲ್ಲಿಯೇ ಬರುತ್ತವೆ. ಇಂಥ ಮಕ್ಕಳಿಗಿಂತ ಒಳ್ಳೆಯ ಮಾರ್ಗದರ್ಶಕರನ್ನು ಯಾವ ಇಲಾಖೆ ತಾನೆ ತರಬೇತಿ ಕೊಟ್ಟು ಸಿದ್ಧಪಡಿಸೀತು? ಹಳೆಯ ವಿದ್ಯಾರ್ಥಿಗಳಲ್ಲಿ ವಾಸ್ತುಶಿಲ್ಪಿಗಳು, ವಕೀಲರು, ವ್ಯಾಪಾರಿಗಳು, ಅಧಿಕಾರಿಗಳು ಇದ್ದಾರೆ. ಒಂದು ಹಳೆಯ ಮನೆಯ ದುರಸ್ತಿಯ ನಕ್ಷೆ, ಒಂದು ಅಪ್ಪಣೆಯ ಅರ್ಜಿ, ಒಬ್ಬ ಕುಶಲಕರ್ಮಿಯ ಮಗನ ವಿದ್ಯಾರ್ಥಿವೇತನ ಇಷ್ಟನ್ನು ಒಬ್ಬೊಬ್ಬರು ವಹಿಸಿಕೊಂಡರೂ ಪೇಟೆಗೆ ಮಹದುಪಕಾರವಾಗುವುದು. ದಾನಿಗಳು ಕಟ್ಟಡಕ್ಕೆ ಕೊಟ್ಟಂತೆ ಕಾಯಕಕ್ಕೂ ಕೊಡುವ ಕಾಲ ಬಂದಿದೆ.

ಹಾಗಾದರೆ ಬೀದರದ ಹಳ ನಗರವು ಪ್ರವಾಸಿಗರ ಕೇಂದ್ರವಾಗಬಲ್ಲುದೇ ಎಂಬ ಪ್ರಶ್ನೆಗೆ ಉತ್ತರವೇನು? ಆಗಬಲ್ಲುದು, ಅಲ್ಲಿ ಬಾಳುವವರ ಬಾಳು ಮೊದಲು ಹಸನಾದರೆ. ನೌಬಾದದ ಸುರಂಗ ಬಾವಿಯು ಬಹುಕಾಲ ಹೂಳು ತುಂಬಿ ಮರೆತುಹೋಗಿದ್ದಿತು. ಕೆಲವು ವರ್ಷಗಳ ಹಿಂದೆ ಹೂಳೆತ್ತುವ ಕೆಲಸ ಕೈಗೊಂಡಾಗ ಒಳಗೆ ನೀರಿನ ಒರತೆ ಇನ್ನೂ ಇದ್ದುದು ಕಂಡುಬಂದಿತು. ಐದು ನೂರು ವರ್ಷ ಕಳೆದರೂ ಬತ್ತದ ಆ ಒರತೆಯಂತೆ ಹಳೆಯ ಪೇಟೆಯ ಕೈಗಳಲ್ಲಿಯೂ ಕಸುಬಿನ ತೇವ ಉಳಿದಿದೆ. ಬೇಕಾದುದು ಹೊಸ ಕಾರಂಜಿಯಲ್ಲ, ಹೂಳೆತ್ತುವ ಕೆಲಸ. ಅದು ನಡೆದ ದಿನ ಚೌಬಾರದ ಸಂಜೆಗೆ ದೀಪ ಹಚ್ಚಲು ಯಾರನ್ನೂ ಹೊರಗಿನಿಂದ ಕರೆಯಬೇಕಾಗದು.